ಹಳೆಯ 2500ಕೆ ಉಳಿಸಿಕೊಳ್ಳಬೇಕೋ, ಬದಲಿಸಬೇಕೋ: ನನ್ನ ಅನುಭವ

2011ರಲ್ಲಿ ಬಂದ ಇಂಟೆಲ್ ಕೋರ್ ಐ5-2500ಕೆ ಪ್ರೊಸೆಸರ್‌ನ ಮೂಲ ವೇಗ 3.3 ಗಿಗಾಹರ್ಟ್ಸ್, ವಿಜಯಪುರದ ನಮ್ಮ ಮನೆಯಲ್ಲಿ ಅದನ್ನು ಓವರ್‌ಕ್ಲಾಕ್ ಮಾಡಿ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚಿಸಿ, 4.5ರಲ್ಲಿ ಓಡಿಸುತ್ತಿದ್ದೆ. ಹೊಸ ಗೇಮ್‌ಗಳು ತಡವರಿಸತೊಡಗಿದಾಗ ಗ್ರಾಫಿಕ್ಸ್ ಕಾರ್ಡ್ ಬದಲಿಸೆಂದು ಗೆಳೆಯರು ಹೇಳಿದರು. ಹಣ ಹಾಕುವ ಮುನ್ನ ರೆಸಲ್ಯೂಶನ್ (ಚಿತ್ರದ ಸೂಕ್ಷ್ಮತೆ) ಅನ್ನು 1080ಪಿಯಿಂದ 720ಪಿಗೆ ಇಳಿಸಿ ನೋಡಿದೆ. ತೊಂದರೆ ಕಾರ್ಡಿನದಾಗಿದ್ದರೆ ಅದರ ಭಾರ ತಗ್ಗಿ, ಸೆಕೆಂಡಿಗೆ ಮೂಡುವ ಫ್ರೇಮ್‌ಗಳು (ಚಿತ್ರಗಳು) ಏರಬೇಕಿತ್ತು. ಅವು ಇದ್ದಲ್ಲೇ ಇದ್ದವು, ಪ್ರೊಸೆಸರ್‌ನ ನಾಲ್ಕೂ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ಮಾತ್ರ ನೂರಕ್ಕೆ ನೂರು ದುಡಿಯುತ್ತಿದ್ದವು. ಅಂದರೆ ತೊಂದರೆ ಪ್ರೊಸೆಸರ್‌ನದೇ.

ಆದರೂ ಬಿಸಿಲಿನ ಮೇಲೆ ಶಂಕೆ ಉಳಿದಿತ್ತು. ಬೇಸಿಗೆಯಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದರಿಂದ, ಪ್ರೊಸೆಸರ್ ಕಾದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತಿದೆಯೇ ಎಂದು ತಿಳಿಯಲು ಕೂಲರಿನ ಧೂಳು ತೆಗೆದು, ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ, ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ವೋಲ್ಟೇಜ್ ಇಳಿಸಿ ವೇಗವನ್ನು 4.2ಕ್ಕೆ ತಂದೆ. ಮಧ್ಯಾಹ್ನದ ಹೊತ್ತು ಕಂಪ್ಯೂಟರ್ ಹಠಾತ್ತನೆ ಸ್ಥಗಿತಗೊಳ್ಳುವುದು ನಿಂತಿತು (ಇಷ್ಟಕ್ಕಾದರೂ ಶ್ರಮ ಸಾರ್ಥಕ), ತಡವರಿಕೆ ಹೋಗಲಿಲ್ಲ. ಈಗಿನ ಗೇಮ್‌ಗಳಿಗೆ 2500ಕೆಯ ನಾಲ್ಕು ಥ್ರೆಡ್‌ಗಳು (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು) ಸಾಲುವುದಿಲ್ಲ.

ಮದರ್‌ಬೋರ್ಡಿನ ಅದೇ ಸಾಕೆಟ್‌ನಲ್ಲಿ ಕೂರುವ, ಎಂಟು ಥ್ರೆಡ್‌ಗಳ ಐ7-2600ಕೆಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬಹುದಿತ್ತು. ಆದರೆ ಹಳೆಯ ತಲೆಮಾರಿನ ಡಿಡಿಆರ್3 ಮೆಮೊರಿ ಹಾಗೂ ಹಳೆಯ ಮದರ್‌ಬೋರ್ಡ್ ಹಾಗೆಯೇ ಉಳಿಯುತ್ತವೆ, ವಿಂಡೋಸ್ 11ಕ್ಕೆ ಅಧಿಕೃತ ಬೆಂಬಲವೂ ಇಲ್ಲವಾದ್ದರಿಂದ ಅದು ದಂಡದ ಖರ್ಚೆನಿಸಿತು. ಆರು ಕೋರ್, ಹನ್ನೆರಡು ಥ್ರೆಡ್‌ಗಳ ಎಎಮ್‌ಡಿ ಪ್ರೊಸೆಸರ್ ರೈಜನ್ 5 5600, ಅದಕ್ಕೊಪ್ಪುವ ಬೋರ್ಡು ಮತ್ತು ಡಿಡಿಆರ್4 ಮೆಮೊರಿ ತಂದು, ಕಾರ್ಡು, ಪವರ್ ಸಪ್ಲೈ, ಕ್ಯಾಬಿನೆಟ್‌ಗಳನ್ನು ಹಳೆಯವೇ ಇಟ್ಟುಕೊಂಡೆ. ಹಿಂದಿನದರ 95 ವ್ಯಾಟ್‌ಗೆ ಎದುರಾಗಿ ಈ ಪ್ರೊಸೆಸರ್‌ನ ರೇಟಿಂಗ್ 65 ವ್ಯಾಟ್ ಮಾತ್ರ. ತಡವರಿಕೆ ಹೋಗಿದೆ, ಓವರ್‌ಕ್ಲಾಕ್ ಮಾಡುವ ಅಗತ್ಯ ಇನ್ನೂ ಕಂಡಿಲ್ಲ.