24 ಸೆಕೆಂಡಿನ ಉತ್ತರ

ಶಾಲೆಯ ಮುಂದೆ ವಾಹನಗಳ ವೇಗ ಗಂಟೆಗೆ 30 ಕಿಲೋಮೀಟರ್ ದಾಟಬಾರದು ಎಂಬುದೊಂದೇ ನಮ್ಮ ಬೇಡಿಕೆಯಾಗಿತ್ತು. ಇದಕ್ಕಾಗಿ ನಮ್ಮ ಕ್ಷೇತ್ರದ ಪ್ರತಿನಿಧಿಯನ್ನು ಎರಡು ಸಲ ಕಂಡೆವು. ಮೊದಲ ಸಲ ಹದಿನಾಲ್ಕು ಮಂದಿ ಹೋಗಿದ್ದೆವು. ಒಬ್ಬರು ಚರಂಡಿ ಎಂದರು, ಇನ್ನೊಬ್ಬರು ಬೀದಿದೀಪ ಎಂದರು, ಮತ್ತೊಬ್ಬರು ಬಸ್ಸಿನ ಮಾತೆತ್ತಿದರು. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ "ನೋಡೋಣ" ಎಂದರು. ಏನನ್ನು ನೋಡಬೇಕೆಂದು ನಾವೇ ಹೇಳಿರಲಿಲ್ಲ. ತಪ್ಪು ನಮ್ಮದೇ.

ಎರಡನೇ ಭೇಟಿಗೆ ಮೂರು ವಾರ ತಯಾರಾದೆವು. ಮೊದಲು ಆ ರಸ್ತೆ ಯಾರ ಸುಪರ್ದಿಯಲ್ಲಿದೆ, ವೇಗಮಿತಿಯ ಆದೇಶ ಯಾರ ಸಹಿಯಿಂದ ಹೊರಡುತ್ತದೆ ಎಂದು ವಿಚಾರಿಸಿದೆವು. ಆದೇಶ ಹೊರಡಿಸುವುದು ಅಧಿಕಾರಿಗಳ ಕೆಲಸ. ಪ್ರತಿನಿಧಿ ಆ ಅಧಿಕಾರಿಗಳಿಗೆ ಪತ್ರ ಬರೆದು ಉತ್ತರ ಕೇಳಬಹುದು, ಸದನದಲ್ಲಿ ಪ್ರಶ್ನೆ ಎತ್ತಬಹುದು, ಬಜೆಟ್ ಸಿದ್ಧವಾಗುವ ಮುಂಚೆ ಹಣಕ್ಕೆ ಒತ್ತಾಯಿಸಬಹುದು. ಇಷ್ಟು ತಿಳಿದ ಮೇಲೆ ಬೇಡಿಕೆ ಒಂದೇ ವಾಕ್ಯಕ್ಕೆ ಇಳಿಯಿತು: "ಈ ರಸ್ತೆಯ ವೇಗಮಿತಿ ತಗ್ಗಿಸಲು ಅಧಿಕಾರಿಗೆ ಪತ್ರ ಬರೆದು, ಅದರ ಪ್ರತಿ ನಮಗೂ ಕೊಡಿ."

ಐದು ದಿನ, ಶಾಲೆಯ ಗಂಟೆ ಹೊಡೆಯುವ ಮುಂಚಿನ ಅರ್ಧ ತಾಸು, ರಸ್ತೆ ದಾಟುವ ಮಕ್ಕಳನ್ನೂ ಅವರಿಗಾಗಿ ನಿಲ್ಲುವ ವಾಹನಗಳನ್ನೂ ಎಣಿಸಿದೆವು. ಹೊರಗಿನ ಅಂಕಿಅಂಶ ಒಂದನ್ನೇ ಇಟ್ಟುಕೊಂಡೆವು: ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವು ತರುವ ಅಪಘಾತದ ಸಂಭವ ಸುಮಾರು ಶೇಕಡಾ 4ರಷ್ಟು ಏರುತ್ತದೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸದನದ ನಡಾವಳಿ ತಿರುವಿದಾಗ ಇದೇ ಪ್ರತಿನಿಧಿ ಹಿಂದೊಮ್ಮೆ ಮಕ್ಕಳ ಸುರಕ್ಷತೆಯ ಬಗ್ಗೆ ಪ್ರಶ್ನೆ ಕೇಳಿದ್ದು ಸಿಕ್ಕಿತು. ಅದನ್ನೂ ಸೇರಿಸಿ ಎಲ್ಲವನ್ನೂ ಒಂದು ಪುಟಕ್ಕೆ ಇಳಿಸಿ, ಎರಡು ದಿನ ಮೊದಲೇ ಅವರ ಆಪ್ತ ಸಹಾಯಕರಿಗೆ ಕೊಟ್ಟೆ. ಸಹಾಯಕರನ್ನು ಬಾಗಿಲು ಕಾಯುವವರೆಂದು ಬಗೆಯುವವರು ಬಹಳ. ನಾವು ಎದ್ದು ಬಂದ ಮೇಲೆ ಕಾಗದ ಉಳಿಯುವುದು ಅವರ ಮೇಜಿನ ಮೇಲೆಯೇ.

ಹೋದದ್ದು ಮೂವರು: ಒಬ್ಬ ತಾಯಿ, ಒಬ್ಬ ಶಿಕ್ಷಕರು, ನಾನು. ಹಿಂದಿನ ದಿನ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದೆವು. ಶಿಕ್ಷಕರು ಪ್ರತಿನಿಧಿಯ ಜಾಗದಲ್ಲಿ ಕೂತು ನಮ್ಮನ್ನು ಪಟ್ಟುಬಿಡದೆ ಕೇಳಿದ ಪ್ರಶ್ನೆ: "ವಾಹನದವರು ತಡವಾಗುತ್ತೆ ಅಂತ ಗಲಾಟೆ ಮಾಡಿದರೆ?" ನಮ್ಮಲ್ಲಿ ಉತ್ತರವಿರಲಿಲ್ಲ. ಅಲ್ಲೇ ಲೆಕ್ಕ ಹಾಕಿದೆವು. ಕಡಿಮೆ ವೇಗ ಬೇಕಿದ್ದದ್ದು 500 ಮೀಟರ್ ಉದ್ದಕ್ಕೆ. 50ರ ವೇಗದಲ್ಲಿ ಅಷ್ಟು ಸಾಗಲು 36 ಸೆಕೆಂಡ್, 30ರಲ್ಲಿ 60.

ಇಪ್ಪತ್ತು ನಿಮಿಷ ಎಂದಿದ್ದ ಭೇಟಿ ಹತ್ತಕ್ಕೆ ಇಳಿಯಿತು. ಅದಕ್ಕೂ ಸಿದ್ಧರಾಗಿದ್ದೆವು, ಕೂತ ಕೂಡಲೇ ಬೇಡಿಕೆಯ ವಾಕ್ಯ ಹೇಳಿದೆ. ಆಮೇಲೆ ಆ ತಾಯಿ, ತಮ್ಮ ಮಗಳ ಕೈ ಬೆರಳಿಂದ ಜಾರಿ ಅವಳು ರಸ್ತೆ ನಡುವೆ ಒಬ್ಬಳೇ ನಿಂತ ಬೆಳಗನ್ನು ಒಂದೇ ನಿಮಿಷದಲ್ಲಿ ಹೇಳಿದರು. ಯಾರೂ ಮಧ್ಯೆ ಬಾಯಿ ಹಾಕಲಿಲ್ಲ. ಮಾತು ಒಮ್ಮೆ ಚುನಾವಣೆಯತ್ತ ಹೊರಳಿತು. ಶಿಕ್ಷಕರು "ಸರ್, ಶಾಲೆ ರಸ್ತೆಯ ವಿಷಯ..." ಎಂದು ಮೆಲ್ಲಗೆ ಹಿಂದಕ್ಕೆ ತಂದರು.

"ಕೆಲಸಕ್ಕೆ ಹೋಗೋರಿಗೆ ಎಷ್ಟು ತಡ ಆಗುತ್ತೆ?" ಎಂದು ಪ್ರತಿನಿಧಿ ಕೇಳಿಯೇ ಬಿಟ್ಟರು.

"24 ಸೆಕೆಂಡ್ ಸರ್."

ಅವರು ಪೆನ್ನು ತೆಗೆದು ನಮ್ಮ ಪುಟದ ಅಂಚಿನಲ್ಲೇ ಅದನ್ನು ಬರೆದುಕೊಂಡರು. ಮುಂದೆ ಕೇಳಿದ್ದು ಆಂಬುಲೆನ್ಸ್ ದಾರಿಯ ಬಗ್ಗೆ. ಅದು ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ಸರ್, ನಾಡಿದ್ದು ತಿಳಿಸ್ತೀನಿ" ಎಂದೆ, ತಿಳಿಸಿದೆ. ಇಂಥ ಕಡೆ ಊಹೆ ಹೇಳಿ ಸಿಕ್ಕಿಬಿದ್ದರೆ ಐದು ದಿನದ ಎಣಿಕೆಯನ್ನೂ ಯಾರೂ ನಂಬುವುದಿಲ್ಲ.

ಏಳುವ ಮುಂಚೆ ಎರಡು ಮಾತು ಕೇಳಿದೆ: ಪತ್ರ ಯಾವಾಗ ಹೋಗಬಹುದು, ನಾನು ಯಾರನ್ನು ವಿಚಾರಿಸಲಿ? ದಿನಾಂಕ ಸಿಕ್ಕಿತು. ಅಂದೇ ಸಂಜೆ ಧನ್ಯವಾದದ ಜೊತೆ, ಅವರು ಒಪ್ಪಿದ್ದನ್ನು ಅವರದೇ ಮಾತಿನಲ್ಲಿ ಬರೆದು ಕಳಿಸಿದೆ. ಆ ದಿನಾಂಕ ಕಳೆದು ನಾಲ್ಕು ದಿನವಾದರೂ ಸುದ್ದಿಯಿರಲಿಲ್ಲ. ಸಹಾಯಕರಿಗೆ ಒಂದು ಫೋನ್ ಮಾಡಿದೆ. ಮರುದಿನ ಪ್ರತಿ ಬಂತು.

ಸಮೀಕ್ಷೆ ಮಾಡಿ ತೀರ್ಮಾನಿಸುತ್ತೇವೆ ಎಂದು ಅಧಿಕಾರಿ ಉತ್ತರಿಸಿದರು. ಸಮೀಕ್ಷೆಗೆ ಬಂದ ಎಂಜಿನಿಯರ್ ಕೈಗೆ ಆ ತಾಯಿ ಮೊದಲು ಕೊಟ್ಟದ್ದು ನಮ್ಮ ಐದು ಬೆಳಗಿನ ಎಣಿಕೆಯ ಹಾಳೆಗಳನ್ನು.