ಪ್ರೊಜೆಕ್ಟರ್ ಹಾಕುವ ಮೊದಲು: ತಂತ್ರಜ್ಞಾನ ಬಳಸುವ ಪಾಠವನ್ನು ಯೋಜಿಸುವುದು ಹೇಗೆ?

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಅನೇಕ ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಪ್ರೊಜೆಕ್ಟರ್ ಅಥವಾ ದೊಡ್ಡ ಟಿ.ವಿ. ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಕೆಲವು ಕಡೆ ಇಲಾಖೆ ಕೊಟ್ಟಿದೆ, ಕೆಲವು ಕಡೆ ಹಳೆ ವಿದ್ಯಾರ್ಥಿ ಸಂಘದವರು ಕೊಡಿಸಿದ್ದಾರೆ. ಅದನ್ನು ನಡೆಸುವ ಕ್ರಮವನ್ನು ಯಾವ ಶಿಕ್ಷಕರಾದರೂ ಒಂದು ವಾರದಲ್ಲಿ ಕಲಿಯಬಹುದು. 40 ನಿಮಿಷಗಳ ಪೀರಿಯಡ್‌ನಲ್ಲಿ ಅದಕ್ಕೆ ಎಷ್ಟು ಜಾಗ ಕೊಡಬೇಕು ಎಂಬುದನ್ನು ಕಲಿಯಲು ನನಗೆ ಮೂರು ವರ್ಷ ಬೇಕಾಯಿತು.

ಮೊದಲ ಬಾರಿ ಪ್ರೊಜೆಕ್ಟರ್ ಬಳಸಿದ ದಿನ ಎಂಟನೆಯ ತರಗತಿಗೆ ನದಿಗಳ ಬಗ್ಗೆ 22 ನಿಮಿಷಗಳ ವಿಡಿಯೊ ತೋರಿಸಿದ್ದೆ. ಮಕ್ಕಳು ಕಣ್ಣು ಕೀಳದೆ ನೋಡಿದರು. ಆ ಮೌನವನ್ನೇ ಕಲಿಕೆಯೆಂದು ತಿಳಿದು ಸಂತೋಷದಿಂದ ಮನೆಗೆ ಹೋದೆ. ಮರುದಿನ, ನದಿ ಹೊತ್ತು ತರುವ ಮರಳು ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಕೇಳಿದಾಗ 31 ಮಕ್ಕಳಲ್ಲಿ ಇಬ್ಬರು ಮಾತ್ರ ಕೈ ಎತ್ತಿದರು. ವಿಡಿಯೊ ಚೆನ್ನಾಗಿಯೇ ಇತ್ತು. ಅದರಲ್ಲಿ ಏನನ್ನು ಹುಡುಕಬೇಕೆಂದು ನಾನು ಮಕ್ಕಳಿಗೆ ಹೇಳಿರಲಿಲ್ಲ, ಏಕೆಂದರೆ ನಾನೇ ಅದನ್ನು ನಿರ್ಧರಿಸಿರಲಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಆ ದಿನದ ನಂತರ ಒಂದೊಂದಾಗಿ ಕಲಿತವು.

ಕೊನೆಯ ಪ್ರಶ್ನೆಯಿಂದ ಆರಂಭಿಸಿ

ಪಾಠ ಯೋಜನೆಯ ಪುಸ್ತಕವನ್ನು ತೆರೆದ ಕೂಡಲೇ ಬರೆಯಬೇಕಾದದ್ದು ಒಂದೇ ವಾಕ್ಯ: ಬೆಲ್ ಹೊಡೆಯುವ ಹೊತ್ತಿಗೆ ಪ್ರತಿಯೊಂದು ಮಗುವೂ ತನ್ನ ಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ. ನಾವು ತರಬೇತಿಯಲ್ಲಿ ಕಲಿತ 5ಇ ಮಾದರಿಯಲ್ಲಿ ತೊಡಗಿಸಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಕ್ರಮವಿದೆ. ಪಾಠ ಮಾಡುವಾಗ ಈ ಕ್ರಮ ಸರಿ, ಆದರೆ ಯೋಜನೆ ಬರೆಯುವಾಗ ಐದನೆಯದರಿಂದ ಹಿಂದಕ್ಕೆ ಬರುವುದು ಒಳ್ಳೆಯದು. ಕೊನೆಗೆ ಏನು ಕೇಳುತ್ತೇವೆ ಎಂಬುದು ನಿಶ್ಚಯವಾದರೆ ಏನು ತೋರಿಸಬೇಕು, ಏನನ್ನು ಬಿಡಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಈ ಲೇಖನಕ್ಕೆ ಉದಾಹರಣೆಯಾಗಿ ಅಳಿವೆ ಬಾಗಿಲಿನ, ಅಂದರೆ ನದಿ ಕಡಲು ಸೇರುವ ಜಾಗದ ಪಾಠವನ್ನೇ ತೆಗೆದುಕೊಳ್ಳೋಣ. ನನ್ನ ಕೊನೆಯ ಪ್ರಶ್ನೆ ಹೀಗಿತ್ತು: ಮಂಗಳೂರಿನ ಫಲ್ಗುಣಿ ನದಿಯು ಕಡಲಿನ ಹತ್ತಿರ ಬಂದ ಮೇಲೂ ನೇರವಾಗಿ ಕಡಲು ಸೇರದೆ, ದಡಕ್ಕೆ ಸಮಾಂತರವಾಗಿ ದಕ್ಷಿಣಕ್ಕೆ ಹರಿದು ನೇತ್ರಾವತಿಯ ಜತೆ ಸೇರಿಯೇ ಅಳಿವೆಗೆ ಹೋಗುವುದೇಕೆ? ಅಲೆಗಳೂ ದಡದುದ್ದಕ್ಕೆ ಸಾಗುವ ಪ್ರವಾಹವೂ ತಂದು ಹಾಕುವ ಮರಳು ನದಿಯ ಬಾಯಿಗೆ ಅಡ್ಡವಾಗಿ ಉದ್ದನೆಯ ಪಟ್ಟಿಯಾಗಿ ಬೆಳೆಯುತ್ತದೆ, ನದಿ ಅದರ ಹಿಂದೆಯೇ ಹರಿದು ದಾರಿ ಕಂಡುಕೊಳ್ಳುತ್ತದೆ ಎಂಬುದು ನಿರೀಕ್ಷಿತ ಉತ್ತರ. ನದಿಗೂ ಕಡಲಿಗೂ ನಡುವಿನ ಇಂಥ ಮರಳ ಪಟ್ಟಿಗೆ ನಮ್ಮ ಕರಾವಳಿಯಲ್ಲಿ ಬೆಂಗ್ರೆ ಎಂಬ ಹೆಸರೇ ಇದೆ. ಪಠ್ಯಪುಸ್ತಕದ ಪದ ತಲೆಗೆ ಹೋಗದ ಮಗುವಿಗೂ ಈ ಪದ ಗೊತ್ತಿರುತ್ತದೆ.

ಕಪ್ಪುಹಲಗೆಗೆ ಸಾಧ್ಯವಾಗದ್ದು ಇದೆಯೇ?

ಎರಡನೆಯ ಹೆಜ್ಜೆ ಒಂದು ಸರಳ ತಪಾಸಣೆ. ಸೀಮೆಸುಣ್ಣ, ನಕ್ಷೆ, ಮಾತು ಇವುಗಳಿಂದ ಆಗದ ಯಾವ ಕೆಲಸವನ್ನು ಈ ಉಪಕರಣ ಮಾಡಿಕೊಡುತ್ತದೆ? ಉತ್ತರ ಸಿಗದಿದ್ದರೆ ಪ್ರೊಜೆಕ್ಟರ್ ಕಪಾಟಿನಲ್ಲೇ ಇರಲಿ. ಪದ್ಯವನ್ನು ಶಿಕ್ಷಕರೇ ರಾಗವಾಗಿ ಹಾಡುವುದಕ್ಕಿಂತ ಧ್ವನಿಮುದ್ರಣ ಮೇಲೆಂದು ನಾನು ಒಪ್ಪುವುದಿಲ್ಲ. ಆದರೆ ಆಕಾಶದಿಂದ ನೋಡಿದ ಬೆಂಗ್ರೆಯನ್ನು ಯಾವ ಶಿಕ್ಷಕರೂ ಹಲಗೆಯ ಮೇಲೆ ತರಲಾರರು. ಗಣಿತದಲ್ಲಿ ಜಿಯೊಜೀಬ್ರಾ ಎಂಬ ತಂತ್ರಾಂಶ ಬಳಸಿ ತ್ರಿಭುಜದ ಒಂದು ಶೃಂಗವನ್ನು ಎಳೆಯುತ್ತ ಹೋದರೆ ಮೂರೂ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ; ಹಲಗೆಯ ಮೇಲೆ ಹತ್ತು ತ್ರಿಭುಜ ಬರೆದರೂ ಈ ಅನುಭವ ಸಿಗದು. ವಿಜ್ಞಾನಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಆರಂಭವಾದ ಫೆಟ್ (PhET) ಎಂಬ ಉಚಿತ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳಿವೆ. ಇವುಗಳಲ್ಲಿ ಅನೇಕವನ್ನು ಇಳಿಸಿಕೊಂಡು ಇಂಟರ್‌ನೆಟ್ ಇಲ್ಲದೆಯೂ ನಡೆಸಬಹುದು. ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್‌ಗಳು ದೀಕ್ಷಾ ಎಂಬ ಸರಕಾರಿ ಆನ್‌ಲೈನ್ ಕಲಿಕಾ ವೇದಿಕೆಗೆ ಕರೆದೊಯ್ಯುತ್ತವೆ, ಆದರೆ ಅಲ್ಲಿ ಸಿಗುವುದನ್ನು ಮೊದಲು ತಾವೇ ಪೂರ್ತಿ ನೋಡಿ, ತರಗತಿಗೆ ಬೇಕಾದ ಎರಡು ನಿಮಿಷಗಳನ್ನು ಗುರುತು ಹಾಕಿಕೊಳ್ಳಬೇಕು.

ಹೊಸದಾಗಿ ಕಲಿಯುವವರು ಒಂದು ವರ್ಷಕ್ಕೆ ಎರಡು ಉಪಕರಣಗಳನ್ನಷ್ಟೇ ಹಿಡಿದರೆ ಸಾಕು. ತರಬೇತಿಯಲ್ಲಿ ಹನ್ನೆರಡು ಆ್ಯಪ್‌ಗಳ ಹೆಸರು ಬರೆದುಕೊಂಡು ಬಂದು ಒಂದನ್ನೂ ತರಗತಿಗೆ ಒಯ್ಯದವರು ನನ್ನ ಸಹೋದ್ಯೋಗಿಗಳಲ್ಲಿ ಅನೇಕರಿದ್ದಾರೆ. ಅವರ ಆಸಕ್ತಿಯಲ್ಲಿ ಕೊರತೆಯಿರಲಿಲ್ಲ. ಒಂದನ್ನು ಕೈಗೆ ಒಗ್ಗಿಸಿಕೊಳ್ಳುವಷ್ಟು ಸಮಯವನ್ನು ಯಾರೂ ಅವರಿಗೆ ಕೊಡಲಿಲ್ಲ.

ಹಾಳೆಯ ನಡುವೆ ಒಂದು ಗೆರೆ

ಯೋಜನೆಯ ಹಾಳೆಯನ್ನು ಎರಡು ಕಾಲಂ ಮಾಡಿ, ಎಡಗಡೆ ಶಿಕ್ಷಕರು ಮಾಡುವ ಕೆಲಸವನ್ನೂ ಬಲಗಡೆ ಅದೇ ಹೊತ್ತಿನಲ್ಲಿ ಮಕ್ಕಳು ಮಾಡುವ ಕೆಲಸವನ್ನೂ ನಿಮಿಷಗಳ ಸಹಿತ ಬರೆಯಿರಿ. ಬಲಗಡೆ ‘ನೋಡುವುದು’, ‘ಕೇಳುವುದು’ ಎಂಬ ಪದಗಳು ಒಂದಕ್ಕಿಂತ ಹೆಚ್ಚು ಸಲ ಬಂದರೆ ಯೋಜನೆಯನ್ನು ಮತ್ತೊಮ್ಮೆ ಬರೆಯಬೇಕು. ಬರೆಯುವುದು, ಅಳೆಯುವುದು, ಊಹಿಸುವುದು, ವಾದಿಸುವುದು, ಪಕ್ಕದವರಿಗೆ ಹೇಳಿಕೊಡುವುದು ಮುಂತಾದ ಕೆಲಸಗಳು ಅಲ್ಲಿ ಕಾಣಬೇಕು.

ಅಳಿವೆಯ ಪಾಠದಲ್ಲಿ ಮೊದಲ 4 ನಿಮಿಷ ಮಕ್ಕಳು ತಾವು ನೋಡಿದ ನದಿಯ ಬಾಯಿಯ ಬಗ್ಗೆ ಹೇಳುತ್ತಾರೆ. ಮುಂದಿನ 6 ನಿಮಿಷ, ಮೇಲಿನಿಂದ ನೋಡಿದರೆ ಅದು ಹೇಗೆ ಕಾಣಬಹುದು ಎಂದು ಪುಸ್ತಕದಲ್ಲಿ ಚಿತ್ರ ಬರೆಯುತ್ತಾರೆ. ಆಮೇಲೆ ಮಾತ್ರ ಪರದೆ ಬೆಳಗುತ್ತದೆ, ಅದೂ 8 ನಿಮಿಷ. ತನ್ನ ಚಿತ್ರಕ್ಕೂ ನಿಜವಾದ ಚಿತ್ರಕ್ಕೂ ಇರುವ ಎರಡು ವ್ಯತ್ಯಾಸಗಳನ್ನು ಪ್ರತಿಯೊಂದು ಮಗುವೂ ಬರೆಯಬೇಕು. ಊಹೆಯನ್ನು ಮೊದಲೇ ಬರೆದಿಟ್ಟ ಮಗು ಪರದೆಯನ್ನು ನೋಡುವ ರೀತಿಯೇ ಬೇರೆ. ತನ್ನದು ಸರಿಯೇ ತಪ್ಪೇ ಎಂದು ತಿಳಿಯುವ ಆತುರ ಅದಕ್ಕಿರುತ್ತದೆ. ಪರದೆ ಆರಿಸಿದ ಮೇಲೆ 14 ನಿಮಿಷ ಗುಂಪು ಚರ್ಚೆ, ಉಳಿದ 8 ನಿಮಿಷ ಕೊನೆಯ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ.

ಗುಂಪು ಚರ್ಚೆಗೆ ನಾನು ಎರಡನೆಯ ಚಿತ್ರವೊಂದನ್ನು ಇಟ್ಟುಕೊಂಡಿರುತ್ತೇನೆ. ಉಡುಪಿಯ ಸ್ವರ್ಣಾ ನದಿ ಕೆಮ್ಮಣ್ಣಿನ ಬಳಿ ಕಡಲಿಗೆ ತೀರ ಹತ್ತಿರ ಬಂದರೂ ಉತ್ತರಕ್ಕೆ ತಿರುಗಿ, ಕೋಡಿ ಬೆಂಗ್ರೆಯಲ್ಲಿ ಸೀತಾ ನದಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ಒಂದು ನದಿ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ಎರಡೂ ಕಡೆ ಬೆಂಗ್ರೆ ಎಂಬ ಹೆಸರು. ಇದನ್ನು ಮಕ್ಕಳೇ ಕಂಡುಹಿಡಿದಾಗ ತರಗತಿಯಲ್ಲಿ ಏಳುವ ಗದ್ದಲವನ್ನು ತಡೆಯಬಾರದು.

ಚಿತ್ರಗಳನ್ನು ಸಿದ್ಧಪಡಿಸುವ ಕ್ರಮ

ಗೂಗಲ್ ಅರ್ಥ್ ಪ್ರೊ 2015ರಿಂದ ಉಚಿತವಾಗಿ ಸಿಗುತ್ತಿದೆ. ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಂಡು, ಮೇಲಿನ ಪಟ್ಟಿಯಲ್ಲಿರುವ ಗಡಿಯಾರದ ಗುರುತನ್ನು ಒತ್ತಿದರೆ ಹಳೆಯ ವರ್ಷಗಳ ಉಪಗ್ರಹ ಚಿತ್ರಗಳು ಕಾಣುತ್ತವೆ. ಪಕ್ಕದಲ್ಲೇ ಇರುವ ಅಳತೆಪಟ್ಟಿಯ ಗುರುತಿನಿಂದ ಮರಳ ಪಟ್ಟಿಯ ಅಗಲವನ್ನು ಮೀಟರಿನಲ್ಲಿ ಅಳೆಯಬಹುದು. ಈ ಅಳತೆಯ ಕೆಲಸವನ್ನು ಶಿಕ್ಷಕರು ಮಾಡಬಾರದು, ಮಕ್ಕಳನ್ನು ಕರೆದು ಮಾಡಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ವರ್ಷಗಳ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಇಷ್ಟು ಮೀಟರ್ ಕಡಲ್ಕೊರೆತವಾಗಿದೆ ಎಂದು ಹೇಳುವುದು ಸುಲಭ, ಆದರೆ ಒಂದು ಚಿತ್ರ ಉಬ್ಬರದ ಹೊತ್ತಿನದೂ ಇನ್ನೊಂದು ಇಳಿತದ ಹೊತ್ತಿನದೂ ಆಗಿದ್ದರೆ ನೀರಿನ ಗೆರೆ ಸರಿದಂತೆ ಕಾಣುವುದು ಸಹಜ. ಮಳೆಗಾಲದ ಅಲೆಗಳು ಕೊಚ್ಚಿಕೊಂಡು ಹೋದ ಮರಳಿನಲ್ಲಿ ಒಂದಷ್ಟು ಬೇಸಗೆಯ ಹೊತ್ತಿಗೆ ದಡಕ್ಕೆ ಮರಳುವುದೂ ಉಂಟು. ಆದ್ದರಿಂದ ಬೇರೆ ಬೇರೆ ವರ್ಷಗಳ ಒಂದೇ ತಿಂಗಳ ಚಿತ್ರಗಳನ್ನು ಆರಿಸಬೇಕು. ನೀರಿನ ಗೆರೆಯ ಬದಲು ಗಿಡಮರಗಳ ಗೆರೆಯನ್ನೋ ಕಲ್ಲಿನ ತಡೆಗೋಡೆಯನ್ನೋ ಗುರುತಾಗಿ ಹಿಡಿಯಬೇಕು. ಜುಲೈಯ ಸ್ಪಷ್ಟ ಚಿತ್ರ ಸಿಗುವುದು ಕಷ್ಟ, ಏಕೆಂದರೆ ಮೋಡದ ಕೆಳಗಿನದು ಉಪಗ್ರಹದ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಯಾಕೆ ಕಾಣುವುದಿಲ್ಲ ಎಂದು ಮಕ್ಕಳನ್ನೇ ಕೇಳಿ; ಮಳೆಗಾಲದ ಪಾಠಕ್ಕೆ ಅದು ಒಳ್ಳೆಯ ಪ್ರವೇಶ.

ಮಳೆ, ಕರೆಂಟ್, ಕೇಬಲ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟ್ ಯಾವಾಗಲೂ ಇರುತ್ತದೆ ಎಂದು ನಂಬಿ ಇಲ್ಲಿ ಯೋಜನೆ ಬರೆಯುವಂತಿಲ್ಲ. ಹಂಚಿನ ಅಥವಾ ಶೀಟಿನ ಮಾಡಿನ ಕೆಳಗೆ ಜೋರು ಮಳೆ ಬಂದರೆ ಸ್ಪೀಕರ್ ಇದ್ದರೂ ಧ್ವನಿ ಕೇಳುವುದಿಲ್ಲ. ಆದ್ದರಿಂದ ಮೊದಲ ಅರ್ಧ ವರ್ಷಕ್ಕೆ ಧ್ವನಿ ಬೇಡದ ಸಾಮಗ್ರಿಯನ್ನೇ ಆರಿಸಿಕೊಳ್ಳುವುದು ಕ್ಷೇಮ. ಹಾಳೆಯ ಕೆಳಗೆ ‘ಕರೆಂಟ್ ಹೋದರೆ’ ಎಂದು ಬರೆದು, ಅದರ ಎದುರು ಒಂದು ಸಾಲು ಇರಲೇಬೇಕು. ನಾನು ಅದೇ ಚಿತ್ರಗಳ ಆರು ಪ್ರತಿಗಳನ್ನು ಎ4 ಹಾಳೆಯಲ್ಲಿ ಮುದ್ರಿಸಿ ಗುಂಪಿಗೊಂದರಂತೆ ಇಟ್ಟುಕೊಂಡಿರುತ್ತೇನೆ. ಎಲ್ಲ ಕಡತಗಳೂ ಪೆನ್ ಡ್ರೈವ್‌ನಲ್ಲಿರಲಿ, ಕೇಬಲ್ ಮತ್ತು ಎಕ್ಸ್‌ಟೆನ್ಶನ್ ಬೋರ್ಡನ್ನು ಹಿಂದಿನ ದಿನವೇ ಜೋಡಿಸಿ ನೋಡಿರಿ.

ಇದೇ ಹಂತದಲ್ಲಿ ಕನ್ನಡ ಅಕ್ಷರಗಳ ಕಡೆಗೂ ಗಮನ ಬೇಕು. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಬೇರೊಬ್ಬರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದನ್ನು ಅನೇಕರು ಅನುಭವಿಸಿದ್ದಾರೆ. ಇನ್ನು ಮುಂದೆ ಬರೆಯುವುದನ್ನೆಲ್ಲ, ಯಾರ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲೇ ಬರೆಯಿರಿ. ಟೈಪಿಂಗ್ ಕಷ್ಟವೆನಿಸಿದರೆ ಮೊಬೈಲಿನ ಧ್ವನಿ ಟೈಪಿಂಗ್‌ನಲ್ಲಿ ಕನ್ನಡವನ್ನು ಆರಿಸಿ ಹೇಳುತ್ತ ಹೋಗಿ, ಬಳಿಕ ತಿದ್ದಬಹುದು.

ಕಲಿತರೋ ಇಲ್ಲವೋ ತಿಳಿಯುವುದು

ಒಂದೇ ಮೊಬೈಲ್ ಇರುವ ತರಗತಿಗೆ ಪ್ಲಿಕರ್ಸ್ ಎಂಬ ಆ್ಯಪ್ ಉಪಯುಕ್ತ. ಪ್ರತಿಯೊಂದು ಮಗುವಿಗೂ ಒಂದು ಮುದ್ರಿತ ಕಾರ್ಡ್ ಕೊಡಲಾಗುತ್ತದೆ. ಎ, ಬಿ, ಸಿ, ಡಿ ಎಂಬ ನಾಲ್ಕು ಬದಿಗಳಲ್ಲಿ ತನ್ನ ಉತ್ತರದ ಬದಿ ಮೇಲೆ ಬರುವಂತೆ ಮಗು ಅದನ್ನು ಎತ್ತಿ ಹಿಡಿಯುತ್ತದೆ, ಶಿಕ್ಷಕರ ಮೊಬೈಲ್ ಕ್ಯಾಮೆರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಯಾರ ಉತ್ತರ ಏನೆಂದು ಪಕ್ಕದವರಿಗೆ ತಿಳಿಯದ ಕಾರಣ ಸಂಕೋಚದ ಮಕ್ಕಳೂ ಕಾರ್ಡ್ ಎತ್ತುತ್ತಾರೆ. ಹೊಳೆಯುವ ಲ್ಯಾಮಿನೇಶನ್ ಮಾಡಿಸಬೇಡಿ, ಬೆಳಕು ಬಿದ್ದರೆ ಕ್ಯಾಮೆರಾಕ್ಕೆ ಓದಲಾಗದು.

ಚೀಟಿಗಳ ಉತ್ತರಗಳನ್ನು ಎಕ್ಸೆಲ್ ಹಾಳೆಗೆ ಏರಿಸುವಾಗ ಅಂಕಗಳ ಮೊತ್ತವನ್ನಷ್ಟೇ ಬರೆಯಬಾರದು. ಅಡ್ಡಸಾಲುಗಳಲ್ಲಿ ಮಕ್ಕಳ ಕ್ರಮಸಂಖ್ಯೆ, ಕಂಬಸಾಲುಗಳಲ್ಲಿ ಒಂದೊಂದು ಪ್ರಶ್ನೆ, ಸರಿಗೆ 1, ತಪ್ಪಿಗೆ 0. ಅಡ್ಡಸಾಲಿನ ಮೊತ್ತ ಮಗುವಿನ ಸ್ಥಿತಿಯನ್ನು ಹೇಳಿದರೆ, ಕಂಬಸಾಲಿನ ಮೊತ್ತ ನಮ್ಮ ಬೋಧನೆಯ ಸ್ಥಿತಿಯನ್ನು ಹೇಳುತ್ತದೆ. ಒಂದು ಪ್ರಶ್ನೆಗೆ ತರಗತಿಯ ಅರ್ಧದಷ್ಟು ಮಕ್ಕಳೂ ಸರಿಯುತ್ತರ ಕೊಡದಿದ್ದರೆ ಆ ಭಾಗವನ್ನು ಇನ್ನೊಂದು ರೀತಿಯಲ್ಲಿ ಮತ್ತೆ ಕಲಿಸಬೇಕು. ಹಿಂದಿನ ತರಗತಿಯ ಕಲಿಕೆಯನ್ನು ನೋಡುವ ವರ್ಷಾರಂಭದ ಸೇತುಬಂಧದ ಪರೀಕ್ಷೆಗೂ ಇದೇ ಹಾಳೆ ಸಾಕು. ಈ ಹಾಳೆಯನ್ನಾಗಲಿ ಮಕ್ಕಳ ಫೋಟೊಗಳನ್ನಾಗಲಿ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಕೂಡದು.

ಮನೆಗೆಲಸಕ್ಕೆ ಮೊಬೈಲ್ ಬೇಕೆಂದಾದರೆ ಮನೆಯ ಮೊಬೈಲ್ ಯಾರ ಕೈಯಲ್ಲಿರುತ್ತದೆ ಎಂದು ಮೊದಲು ವಿಚಾರಿಸಿ. ಮಲ್ಪೆ, ಉಳ್ಳಾಲ, ಗಂಗೊಳ್ಳಿಯಂಥ ಊರುಗಳಲ್ಲಿ ಅದು ಬೋಟಿಗೆ ಹೋಗುವ ತಂದೆಯ ಜತೆ ದಿನಗಟ್ಟಲೆ ಕಡಲಿನಲ್ಲಿರಬಹುದು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ತಂದೆಯೂ ಮೊಬೈಲೂ ಹೆಚ್ಚಾಗಿ ಮನೆಯಲ್ಲೇ ಇರುತ್ತಾರೆ. ನಾನು ಅಳಿವೆಯ ಪಾಠವನ್ನು ಪಾಠ ಹಂಚಿಕೆಯಲ್ಲಿ ಜುಲೈಗೆ ತಂದದ್ದು ಇದೇ ಕಾರಣಕ್ಕೆ. ಅಳಿವೆ ದಾಟುವಾಗ ಬೋಟು ಯಾಕೆ ನಿಧಾನವಾಗುತ್ತದೆ ಎಂದು ತಂದೆಯನ್ನು ಕೇಳಿ, ಎರಡು ನಿಮಿಷ ಧ್ವನಿಮುದ್ರಿಸಿ ತರಬೇಕೆಂಬುದು ಮನೆಗೆಲಸ. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಬಂದ ಮಾತನ್ನು ತರಗತಿಯಲ್ಲಿ ಮಗುವೇ ಕನ್ನಡದಲ್ಲಿ ವಿವರಿಸುತ್ತದೆ. ಅಳಿವೆಯ ಹೂಳಿನ ಬಗ್ಗೆ ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿಗಳು ಆ ಧ್ವನಿಮುದ್ರಣಗಳಲ್ಲಿ ಬಂದಿವೆ.

ಪಾಠ ಮುಗಿದ ದಿನವೇ ಯೋಜನೆಯ ಅಂಚಿನಲ್ಲಿ ಎರಡು ಸಾಲು ಬರೆದಿಡಿ: ಯಾವ ನಿಮಿಷದಲ್ಲಿ ಗಮನ ತಪ್ಪಿತು, ಯಾವ ಚಿತ್ರ ಬೇಡವಾಗಿತ್ತು. ಬಳಿಕ ಚಿತ್ರಗಳು, ಯೋಜನೆ, ಎಕ್ಸೆಲ್ ಹಾಳೆ ಮೂರನ್ನೂ ತರಗತಿ, ವಿಷಯ, ಪಾಠ, ತಿಂಗಳು ಎಂಬ ಕ್ರಮದಲ್ಲಿ ಹೆಸರಿಟ್ಟ ಒಂದೇ ಫೋಲ್ಡರಿನಲ್ಲಿ ಉಳಿಸಿ, ಶಾಲೆಯ ಕಂಪ್ಯೂಟರಿನಲ್ಲಿ ಅದರ ಒಂದು ಪ್ರತಿ ಇರುವಂತೆ ನೋಡಿಕೊಳ್ಳಿ. ಶಿಕ್ಷಕರಿಗೆ ವರ್ಗಾವಣೆಯಾದರೆ ಮುಂದೆ ಬರುವವರು ಅಲ್ಲಿಂದಲೇ ಆರಂಭಿಸಬಹುದು.