ದಿನಕ್ಕೆ ಎರಡೇ ಜಾಗ: ಲಂಡನ್ನಿನಲ್ಲಿ ನಾವಿಬ್ಬರು ಸುತ್ತಿದ್ದು ಹೀಗೆ

ಮಂಡ್ಯದಿಂದ ಹೊರಡುವಾಗಲೇ ನಮ್ಮ ಷಡ್ಡಕರು, "ಗೈಡ್ ಇಲ್ಲದೆ ಆ ಊರಲ್ಲಿ ಏನ್ ನೋಡ್ತೀರಿ? ದುಡ್ಡು ದಂಡ" ಅಂದಿದ್ದರು. 2024ರ ಜೂನ್‌ನ ಆ ಶುಕ್ರವಾರ ಬೆಳಗಿನಿಂದ ರಾತ್ರಿವರೆಗೆ ನಮ್ಮಿಬ್ಬರಿಗೆ ಖರ್ಚಾಗಿದ್ದು ಸುಮಾರು 33 ಪೌಂಡ್. ಊಟವೂ ಸೇರಿ ಮೂರೂವರೆ ಸಾವಿರ ರೂಪಾಯಿ ಆಸುಪಾಸು.

ವೀಸಾ, ವಿಮಾನದ ಮಾತು ಬಿಡಿ, ನಿಮಗೆಲ್ಲ ಗೊತ್ತಿರುವುದೇ. ಮೊದಲ ದಿನ 140 ಪೌಂಡ್ ಹತ್ತಿರ ಕೊಟ್ಟು ಟೂರ್ ಕೋಚ್ ಹತ್ತಿದ್ದೆವು. ಹನ್ನೊಂದು ಜಾಗ, ಒಂದೊಂದಕ್ಕೆ ಕಾಲು ಗಂಟೆ. ಸಂಜೆಗೆ ನಮ್ಮ ಮನೆಯವಳ ಮಂಡಿ ಊದಿತ್ತು. ಮಾರನೇ ದಿನ ನಾವೇ ಹೊರಟೆವು, ಜೇಬಲ್ಲಿ ನೋಟು ಇಟ್ಟುಕೊಂಡು. ಅಲ್ಲಿ ಬಸ್ಸಲ್ಲಿ 2014ರಿಂದಲೇ ನಗದು ನಡೆಯುವುದಿಲ್ಲ. ಕಾರ್ಡ್ ಮುಟ್ಟಿಸಿದರೆ ಕೆಂಪು ದೀಪ! ಬ್ಯಾಂಕ್ ಆ್ಯಪಲ್ಲಿ ವಿದೇಶದ ಟ್ಯಾಪ್ ಆನ್ ಮಾಡಿರಲಿಲ್ಲ. ಅದು ಸರಿಹೋದ ಮೇಲೆ ಒಂದೇ ಕಾರ್ಡನ್ನು ಇಬ್ಬರಿಗೂ ಮುಟ್ಟಿಸಿ ನೋಡಿದೆ, ಆಗಲಿಲ್ಲ. ತಲೆಗೊಂದು ಕಾರ್ಡ್ ಬೇಕು. ಮಗಳ ಆಯ್ಸ್ಟರ್ ಕಾರ್ಡ್ (ಮೊದಲೇ ದುಡ್ಡು ತುಂಬಿಸಿಡುವ ಅಲ್ಲಿನ ಪ್ರಯಾಣದ ಕಾರ್ಡ್) ಇವಳಿಗೆ ಕೊಟ್ಟೆ.

ಆಗ ಬಸ್ ಚಾರ್ಜು 1.75 ಪೌಂಡ್. ಬಸ್ಸಲ್ಲೇ ಓಡಾಡಿದರೆ ದಿನಕ್ಕೆ ತಲೆಗೆ 5.25ಕ್ಕಿಂತ ಹೆಚ್ಚು ಮುರಿಯುತ್ತಿರಲಿಲ್ಲ. ಮೂರು ಸಲ ದುಡ್ಡು ಹೋದರೆ ನಾಲ್ಕನೆಯದು ಪುಕ್ಕಟೆಯಾಗಿತ್ತು. ಹಾಗಾಗಿ ಮೆಟ್ರೊ ಮುಟ್ಟಲೇ ಇಲ್ಲ.

ಮಗಳ ಮನೆ ದಕ್ಷಿಣ ಲಂಡನ್ನಿನ ಟೂಟಿಂಗ್. ಅಲ್ಲಿಂದ 77ನೇ ನಂಬರ್ ಬಸ್, ಮೇಲಿನ ಮಹಡಿ, ಎದುರುಗಾಜಿನ ಸೀಟು. ಆ ಸೀಟು ಖಾಲಿ ಸಿಗುವ ಸ್ಟಾಪ್ ಒಂದಿದೆ, ಅದನ್ನು ಮಾತ್ರ ಬರೆಯುವುದಿಲ್ಲ. ಒಂದು ಗಂಟೆ ಮೇಲಾಯಿತು ಲ್ಯಾಂಬೆತ್ ತಲುಪಲು. ಅಲ್ಲಿ ತೇಮ್ಸ್ ದಡದಲ್ಲಿ ನಮ್ಮ ಬಸವಣ್ಣ. 2015ರ ನವೆಂಬರ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಇವಳು ಚಪ್ಪಲಿ ಬಿಟ್ಟು ಕೈಮುಗಿದಳು. ಬೆಂಚಿನ ಮೇಲೆ ಎರಡು ಗಂಟೆ ಕೂತೆವು, ಚಿತ್ರಾನ್ನ ತಿಂದೆವು.

ಕಾಫಿಯದ್ದೊಂದು ಪ್ರಯೋಗ ಹೇಳಲೇಬೇಕು. ಮಂಡ್ಯದ ಬೆಲ್ಲ ಕೊಂಡೊಯ್ದಿದ್ದೆ. ಹಿಂದಿನ ದಿನ ಬಿಸಿ ಹಾಲಿಗೇ ಬೆಲ್ಲ ಹಾಕಿ ಫ್ಲಾಸ್ಕಿಗೆ ತುಂಬಿದ್ದು ಒಡೆದು ಗಂಟುಗಂಟಾಗಿತ್ತು. ಈ ಸಲ ಡಿಕಾಕ್ಷನ್ನಿನಲ್ಲಿ ಬೆಲ್ಲ ಕರಗಿಸಿ ಒಂದು ಫ್ಲಾಸ್ಕು, ಹಾಲಿಗೆ ಇನ್ನೊಂದು. ಲೋಟದಲ್ಲಿ ಕೊಂಚ ಆರಲು ಬಿಟ್ಟು ಬೆರೆಸಿದೆ. ಚೆನ್ನಾಗಿ ಬಂತು.

ವಾಕ್ಸ್‌ಹಾಲಲ್ಲಿ ಬಸ್ ಬದಲಿಸಿ ಸೌತ್ ಕೆನ್ಸಿಂಗ್‌ಟನ್‌ಗೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ. ಪ್ರವೇಶ ಉಚಿತ, ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆ. ದಿನ ಆರಿಸಿಕೊಂಡಿದ್ದೇ ಅದಕ್ಕೆ. ನಮಗೆ ಬೇಕಿದ್ದುದು ಒಂದೇ, ಟಿಪ್ಪುವಿನ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯವರು ಹೊತ್ತೊಯ್ದಿದ್ದು. ಮರದ ಹುಲಿ ಬಿಳಿಯ ಸಿಪಾಯಿಯ ಮೇಲೆ ಕೂತಿದೆ, ಪಕ್ಕೆಯೊಳಗೆ ಹಾರ್ಮೋನಿಯಂ ತರಹದ ಆರ್ಗನ್ ವಾದ್ಯದ ಮನೆಗಳು, ಭುಜದ ಹತ್ತಿರ ತಿರುಗಿಸುವ ಹಿಡಿ. ತಿರುಗಿಸಿದರೆ ಸಿಪಾಯಿಯ ಕೈ ಏಳುತ್ತದೆ, ನರಳುವ ಸದ್ದೂ ಬರುತ್ತದೆ. ಈಗ ಗಾಜಿನೊಳಗಿದೆ. ಮೈಮೇಲಿನ ಪಟ್ಟೆಗಳನ್ನು ಹತ್ತಿರದಿಂದ ನೋಡಿದರೆ ಕುಂಚದ ಎಳೆ ಎಳೆಯೂ ಕಾಣುತ್ತದೆ. "ರೀ, ನಮ್ಮೂರಿಂದ ಅರ್ಧ ಗಂಟೆ ದಾರಿ ಶ್ರೀರಂಗಪಟ್ಟಣ, ಇದನ್ನ ನೋಡೋಕೆ ಇಲ್ಲಿಗೆ ಬರ್ಬೇಕಾಯ್ತು" ಅಂದಳು. ನನಗೆ ಗಂಟಲು ಕಟ್ಟಿತು. ಸ್ವಲ್ಪ ಹೊತ್ತು ಹೊರಗೆ ಕೂತು ಬಂದು ಮತ್ತೊಮ್ಮೆ ನೋಡಿದೆವು. ಕೋಚ್ ಆಗಿದ್ದರೆ ಇದು ಸಾಧ್ಯವೇ?

ಟೂಟಿಂಗಲ್ಲಿ ಇಳಿದಾಗ ಒಂಬತ್ತು ಗಂಟೆ, ಇನ್ನೂ ಬೆಳಕಿತ್ತು. ಅಲ್ಲೇ ಮಸಾಲೆ ದೋಸೆ ತಿಂದು ಮನೆಗೆ ನಡೆದೇ ಹೋದೆವು. ಮಂಡಿ ಊದಿರಲಿಲ್ಲ.